ಮಗುವಿಗೆ ನಾಲ್ಕೂವರೆ ತಿಂಗಳು, ಮತ್ತೆ ಓಡೋದು ಯಾವಾಗ?

ಪ್ರಶ್ನೆ: ನನಗೆ 29 ವರ್ಷ. ಚೊಚ್ಚಲ ಹೆರಿಗೆ, ನಾರ್ಮಲ್ ಡೆಲಿವರಿ, ಹೊಲಿಗೆ ಹಾಕಿದ್ದರು. ಮಗಳಿಗೆ ಈಗ ನಾಲ್ಕೂವರೆ ತಿಂಗಳು. ತೀರ್ಥಹಳ್ಳಿ ಹತ್ತಿರದ ತವರಲ್ಲಿ ಮೂರು ತಿಂಗಳು ಬಾಣಂತನ ಮುಗಿಸಿ ಶಿವಮೊಗ್ಗಕ್ಕೆ ಬಂದಿದ್ದೇನೆ. ಬಸುರಿಯಾಗುವ ಮೊದಲು ವಾರಕ್ಕೆ ನಾಲ್ಕು ದಿನ ನೆಹರೂ ಕ್ರೀಡಾಂಗಣದಲ್ಲಿ ಓಡುತ್ತಿದ್ದೆ. 10 ಕಿ.ಮೀ. ಸಲೀಸಾಗಿತ್ತು. ಕಳೆದ ವಾರ ಮಗುವನ್ನು ಅತ್ತೆ ಕೈಗೆ ಕೊಟ್ಟು ಹೋಗಿ ಓಡಿದೆ. ಅರ್ಧ ಸುತ್ತು ಆಗುವಷ್ಟರಲ್ಲಿ ಮೂತ್ರ ಸೋರಿತು. ಜಾಕೆಟ್ ಸೊಂಟಕ್ಕೆ ಕಟ್ಟಿಕೊಂಡು ಅಳುತ್ತಾ ಮನೆಗೆ ಬಂದೆ, ಯಾರಿಗೂ ಹೇಳಿಲ್ಲ. ‘ಓಡಿದರೆ ಹಾಲು ಕೆಡುತ್ತೆ, ಗರ್ಭಕೋಶ ಜಾರುತ್ತೆ’ ಅಂತಾರೆ ಅತ್ತೆ. ರಾತ್ರಿ ಮೂರು ಸಲ ಏಳಬೇಕು. ಮುಂದಿನ ತಿಂಗಳು ಬ್ಯಾಂಕ್ ಕೆಲಸಕ್ಕೆ ಹಾಜರಾಗಬೇಕು. ‘ನೀನು ಓಡು, ನಾನಿದೀನಿ’ ಅನ್ನುವ ಗಂಡ ಏಳೋದೇ ಏಳೂವರೆಗೆ. ಓಟ ಬಿಟ್ಟುಬಿಡಲಾ?
— ಹೆಸರು ಬೇಡ, ವಿನೋಬನಗರ, ಶಿವಮೊಗ್ಗ

ಉತ್ತರ: ಬಿಡಬೇಡಿ. ಆದರೆ ಇನ್ನು ಆರೇಳು ವಾರ ಓಡಬೇಡಿ.

ಮೊದಲು ಆ ಅಳುವಿನ ಮಾತು. ನಾನು ಬಾಣಂತಿಯರನ್ನೇ ಹೆಚ್ಚಾಗಿ ನೋಡುವ ಫಿಸಿಯೋಥೆರಪಿಸ್ಟ್. ಮೂತ್ರ ಸೋರುತ್ತದೆ ಅಂತ ನೇರವಾಗಿ ಹೇಳಿಕೊಂಡು ಬರುವವರು ತೀರಾ ಕಡಿಮೆ. ಸೊಂಟ ನೋವು ಅಂತ ಬರುತ್ತಾರೆ, ಏಳುವಾಗ ಬಾಗಿಲ ಹತ್ತಿರ ನಿಂತು ಮೆಲ್ಲಗೆ, ‘ಇನ್ನೊಂದು ಮಾತು ಮೇಡಂ’ ಅನ್ನುತ್ತಾರೆ. ಕೆಮ್ಮಿದಾಗ, ನಕ್ಕಾಗ, ನೀರಿನ ಕೊಡಪಾನ ಎತ್ತಿದಾಗ ಸೋರುವುದನ್ನು ‘ಹೆತ್ತ ಮೇಲೆ ಎಲ್ಲರಿಗೂ ಇದ್ದದ್ದೇ’ ಅಂತ ನುಂಗಿಕೊಂಡು ಇಪ್ಪತ್ತು ವರ್ಷ ಕಳೆದವರನ್ನೂ ನೋಡಿದ್ದೇನೆ. ತುಂಬಾ ಜನರಿಗೆ ಆಗುತ್ತದೆ ಎಂಬುದು ನಿಜ. ಹಾಗಂತ ಸಹಿಸಿಕೊಂಡೇ ಇರಬೇಕಾದ ಕಾಯಿಲೆ ಇದಲ್ಲ. ನೀವು ನಾಲ್ಕೂವರೆ ತಿಂಗಳಿಗೇ ಕೇಳಿದ್ದು ಬಹಳ ಒಳ್ಳೆಯದಾಯಿತು.

ಸೊಂಟದ ಎಲುಬಿನ ಗೂಡಿನ ತಳದಲ್ಲಿ, ಮುಂದಿನಿಂದ ಹಿಂದಕ್ಕೆ ಜೋಲಿ ಕಟ್ಟಿದ ಹಾಗೆ ಸ್ನಾಯುಗಳ ಒಂದು ಪದರ ಇದೆ. ಪೆಲ್ವಿಕ್ ಫ್ಲೋರ್ ಅನ್ನುತ್ತೇವೆ. ಮೂತ್ರಕೋಶ, ಗರ್ಭಕೋಶ, ಮಲದ ಕರುಳಿನ ಕೊನೆ, ಮೂರೂ ಅದರ ಮೇಲೆ ಕೂತಿವೆ. ಒಂಬತ್ತು ತಿಂಗಳ ಭಾರ ಹೊತ್ತು, ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಷ್ಟು ಹಿಗ್ಗಿದ ಆ ಜೋಲಿ ಸುಧಾರಿಸಿಕೊಳ್ಳಲು ನಾಲ್ಕರಿಂದ ಆರು ತಿಂಗಳು ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು, ಎರಡೂವರೆ ಪಟ್ಟು ಭಾರ ನೆಲದಿಂದ ಮೇಲಕ್ಕೆ ಗುದ್ದುತ್ತದೆ. ನಿಮ್ಮ ಕಾಲು, ನಿಮ್ಮ ಉಸಿರು ಅದನ್ನು ಮರೆತಿಲ್ಲ. ಜೋಲಿ ಮಾತ್ರ ಇನ್ನೂ ಸಡಿಲ ಇದೆ. ಅವತ್ತು ಆದದ್ದು ಇಷ್ಟೇ.

ಬ್ರಿಟನ್ನಿನ ಮೂವರು ಫಿಸಿಯೋಥೆರಪಿಸ್ಟ್‌ಗಳು 2019ರಲ್ಲಿ ಬರೆದ ಮಾರ್ಗಸೂಚಿಯೊಂದಿದೆ. ನಮ್ಮ ವೃತ್ತಿಯವರು ಹೆಚ್ಚಾಗಿ ಅದನ್ನೇ ಹಿಡಿಯುತ್ತೇವೆ. ಹೆರಿಗೆಯಾಗಿ 3 ತಿಂಗಳಾಗುವ ಮೊದಲು ಓಟ ಬೇಡ, ಆಮೇಲೂ ಮೈ ಸಿದ್ಧವಾಗಿದೆಯಾ ನೋಡಿಯೇ ಹೊರಡಿ ಎನ್ನುತ್ತದೆ ಅದು. ಕ್ಯಾಲೆಂಡರ್ ಲೆಕ್ಕದಲ್ಲಿ ನೀವು ದಾಟಿದ್ದೀರಿ, ಮೈಯ ಲೆಕ್ಕದಲ್ಲಿ ಇನ್ನೂ ಇಲ್ಲ.

ಈಗ ಕೆಲಸಕ್ಕೆ ಬರೋಣ. ಕೂತು, ಗಾಳಿಯನ್ನೂ ಮೂತ್ರವನ್ನೂ ಒಟ್ಟಿಗೆ ತಡೆದುಕೊಳ್ಳುವವರ ಹಾಗೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಕಟ್ಟಬಾರದು, ಕುಂಡೆ ಬಿಗಿಯಬಾರದು. ಐದಾರು ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಬಿಡಿ. ಬಿಡುವುದೂ ಹಿಡಿಯುವಷ್ಟೇ ಮುಖ್ಯ, ಇಲ್ಲಿ ತಪ್ಪುವವರೇ ಜಾಸ್ತಿ. ಸಲಕ್ಕೆ ಎಂಟರಿಂದ ಹತ್ತು, ಆಮೇಲೆ ಹತ್ತು ಚುರುಕಾಗಿ ಹಿಡಿದು ಬಿಡುವುದು. ದಿನಕ್ಕೆ ಮೂರು ಹೊತ್ತು, ಕನಿಷ್ಠ 3 ತಿಂಗಳು. ಮಗುವಿಗೆ ಹಾಲು ಕೊಡಲು ಕೂತಾಗಲೆಲ್ಲ ಒಂದು ಸುತ್ತು ಮುಗಿಸಿದರೆ ಬೇರೆ ಹೊತ್ತೇ ಬೇಡ. ಮೂತ್ರ ಮಾಡುತ್ತಾ ಮಧ್ಯೆ ತಡೆದು ಅಭ್ಯಾಸ ಮಾಡಬೇಡಿ. ಸೀನುವಾಗ, ಮಗುವನ್ನು ಎತ್ತುವಾಗ ಮೊದಲೇ ಒಮ್ಮೆ ಒಳಗೆಳೆದುಕೊಳ್ಳುವ ರೂಢಿ ಮಾಡಿಕೊಳ್ಳಿ.

ಆರಿದ್ರಾ ಮಳೆ ಹಿಡಿದಿದೆ, ಅಂಗಳದಲ್ಲಿ ಪಾಚಿ, ರಸ್ತೆಯಲ್ಲಿ ನೀರು. ಮಳೆಗಾಲಕ್ಕೆ ಓಟ ತಪ್ಪಿತು ಅಂತ ಮಲೆನಾಡಿನ ಓಟಗಾರರೆಲ್ಲ ಮರುಗುತ್ತಾರೆ, ನಿಮಗೆ ಮಾತ್ರ ಇದು ಹೇಳಿ ಮಾಡಿಸಿದ ಕಾಲ. ಜಗಲಿಯೋ ಹಾಲೋ, ಎರಡು ಚಾಪೆಯಷ್ಟು ಜಾಗ ಸಾಕು. ಕುರ್ಚಿಯಿಂದ ಒಂದೇ ಕಾಲಿನ ಮೇಲೆ ಎದ್ದು ಕೂರುವುದು, ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಅಂಗಾತ ಮಲಗಿ ಒಂದು ಪಾದ ಊರಿ ಸೊಂಟ ಎತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು. ಮೊದಲ ದಿನ ಐದು ಬಂದರೂ ಸರಿ. ಎರಡೂ ಕಾಲಿಗೆ ಇಪ್ಪತ್ತಿಪ್ಪತ್ತು ಮುಟ್ಟುವುದು ಗುರಿ. ಮಳೆ ಬಿಟ್ಟ ಹೊತ್ತಲ್ಲಿ ಅರ್ಧ ಗಂಟೆ ನಡಿಗೆ.

ನಾಗರಪಂಚಮಿ ಹೊತ್ತಿಗೆ ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಒಂದೊಂದು ಕಾಲ ಮೇಲೆ ಹತ್ತು ಸೆಕೆಂಡ್ ಅಲ್ಲಾಡದೆ ನಿಲ್ಲಿ. ನಿಂತಲ್ಲೇ ಒಂದು ನಿಮಿಷ ಜಾಗ್ ಮಾಡಿ. ಕುಂಟೆಬಿಲ್ಲೆ ಆಡುವ ಹಾಗೆ ಒಂಟಿ ಕಾಲಲ್ಲಿ ಹತ್ತು ಹತ್ತು ಸಲ ಕುಪ್ಪಳಿಸಿ. ಒಂದು ಹನಿಯೂ ಸೋರದೆ, ನೋವಿಲ್ಲದೆ, ಕೆಳಗೆ ಏನೋ ಭಾರ ಜಗ್ಗಿದ ಹಾಗೆ ಆಗದೆ ಮುಗಿಸಿದರೆ ಓಟ ಶುರು ಮಾಡಬಹುದು. ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದು, ಎಂಟು ಸಲ. ದಿನ ಬಿಟ್ಟು ದಿನ, ವಾರಕ್ಕೆ ಮೂರೇ ದಿನ. ಓಡಿದ ಮಾರನೆಯ ದಿನದವರೆಗೂ ಮೈ ಏನು ಹೇಳುತ್ತದೆ ಗಮನಿಸಿ, ಯಾಕೆಂದರೆ ಆ ಭಾರ ಅನೇಕರಿಗೆ ಸಂಜೆ ಕಾಣಿಸುತ್ತದೆ. 10 ಕಿ.ಮೀ. ನೆನಪು ಸದ್ಯ ಪಕ್ಕಕ್ಕಿರಲಿ.

ಪರೀಕ್ಷೆಯಲ್ಲಿ ಸೋರಿದರೆ, ಇಲ್ಲವೇ ಈಗಾಗಲೇ ಕೆಳಗೆ ಉಂಡೆ ಸಿಕ್ಕಿದ ಹಾಗೆ ಅನ್ನಿಸುತ್ತಿದ್ದರೆ, ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೋ ನಿಮ್ಮ ಹೆರಿಗೆ ಮಾಡಿಸಿದ ವೈದ್ಯರಲ್ಲಿಗೋ ಹೋಗಿ. ಡಿಸ್ಚಾರ್ಜ್ ಚೀಟಿ ತೆಗೆದು ಹೊಲಿಗೆಯ ವಿವರ ನೋಡಿ. ಹರಿದದ್ದು ಮೂರನೇ ಅಥವಾ ನಾಲ್ಕನೇ ದರ್ಜೆ ಎಂದು ಬರೆದಿದ್ದರೆ ಪರೀಕ್ಷೆ ಮಾಡಿಸದೆ ಓಡಲೇಬೇಡಿ. ನಿಂತಿದ್ದ ರಕ್ತಸ್ರಾವ ಓಡಿದ ಮೇಲೆ ಮತ್ತೆ ಕಂಡರೂ ಹಾಗೇ. ಒಂದೇ ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರು ಸಿಕ್ಕಿಕೊಳ್ಳುವುದು, ಇವಕ್ಕೆ ಅವತ್ತೇ ಆಸ್ಪತ್ರೆ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಹೆತ್ತು ತಿಂಗಳು ತುಂಬುವ ಮೊದಲೇ ಬಾವಿ ನೀರು ಹೊತ್ತು, ನೆಟ್ಟಿ ಗದ್ದೆಗೆ ಇಳಿದು, ಗರ್ಭಕೋಶ ಜಾರಿಸಿಕೊಂಡವರನ್ನು ಅವರ ತಲೆಮಾರು ಕಣ್ಣಾರೆ ಕಂಡಿದೆ. ಆ ಭಯಕ್ಕೆ ಬುಡ ಇದೆ. ‘ಅದು ಆಗಬಾರದು ಅಂತಲೇ ಮೊದಲು ವ್ಯಾಯಾಮ ಮಾಡ್ತಿದೀನಿ ಅತ್ತೆ’ ಅಂತ ಹೇಳಿ ನೋಡಿ. ಹಾಲಿನ ವಿಷಯದಲ್ಲಿ ಮಾತ್ರ ಅವರಿಗೆ ಧೈರ್ಯ ಹೇಳಬಹುದು: ಹದವಾಗಿ ಓಡಿದರೆ ಹಾಲು ಕೆಡುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಹಾಲು ಕೊಟ್ಟೇ ಹೊರಡಿ, ಎದೆ ಹಗುರಾಗಿರುತ್ತದೆ. ಹಳೆಯ ಸ್ಪೋರ್ಟ್ಸ್ ಬ್ರಾ ಈಗ ಬಿಗಿಯಾಗುತ್ತದೆ, ಹೊಸ ಅಳತೆಯದು ಕೊಳ್ಳಿ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಓಡಬೇಡಿ, ಒತ್ತಡವೆಲ್ಲ ಕೆಳಗೆ ಇಳಿಯುತ್ತದೆ.

ಊಟ ಕಡಿಮೆ ಮಾಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಹಾಲೂಡಿಸುವ ತಿಂಗಳುಗಳಲ್ಲಿ ಎಲುಬಿನ ಸಾಂದ್ರತೆ 3ರಿಂದ 5 ಶೇಕಡ ಇಳಿದು, ಹಾಲು ಬಿಡಿಸಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಈ ನಡುವೆ ಅರೆಹೊಟ್ಟೆಯಲ್ಲಿ ಓಡಿದರೆ ಎಲುಬು ಸೀಳುವ ಅಪಾಯ ಇದೆ. ನಮ್ಮ ಕಡೆ ಮೂರು ಹೊತ್ತೂ ಅಕ್ಕಿಯೇ, ಒಂದು ಹೊತ್ತಾದರೂ ರಾಗಿ ಗಂಜಿಯೋ ಅಂಬಲಿಯೋ ಇರಲಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಬಾಣಂತಿ ನೀರು ಕುಡಿಯಬಾರದು ಎಂಬ ಪಥ್ಯ ಮನೆಯಲ್ಲಿ ಇನ್ನೂ ನಡೆಯುತ್ತಿದ್ದರೆ ಅದನ್ನು ಇವತ್ತೇ ಮುರಿಯಿರಿ. ಕಬ್ಬಿಣಾಂಶದ ಮಾತ್ರೆ ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕು, ನಿಮ್ಮದಿನ್ನೂ ಮುಗಿದಿಲ್ಲ.

ಇನ್ನು ನಿಮ್ಮ ಯಜಮಾನರು. ನಿಮ್ಮ ಪತ್ರ ಓದಿ ನನಗೆ ಹೆಚ್ಚು ಕಾಡಿದ್ದು ಇದೇ. ‘ನಾನಿದೀನಿ’ ಅನ್ನುವ ಮಾತಿಗೆ ಗಂಟೆ, ವಾರ ಗೊತ್ತಾಗದಿದ್ದರೆ ಅದು ನಿಮ್ಮ ಕೈಗೆ ಬರುವುದಿಲ್ಲ. ಅವರಿಗೆ ಆದದ್ದನ್ನು ಹೇಳಿ, ಸೋರಿದ್ದನ್ನೂ ಹೇಳಿ. ಆಮೇಲೆ ಎರಡು ಹೊತ್ತು ಕೇಳಿ. ಒಂದು, ರಾತ್ರಿ ಒಂಬತ್ತಕ್ಕೆ ಹಾಲು ಕೊಟ್ಟು ನೀವು ಬೇರೆ ಕೋಣೆಯಲ್ಲಿ ಮಲಗುವುದು. ಮುಂದಿನ ಹಾಲಿನ ಹೊತ್ತಿನವರೆಗೆ ಎತ್ತುವುದು, ತೂಗುವುದು, ಬಟ್ಟೆ ಬದಲಿಸುವುದು ಅವರ ಪಾಲು. ಮೂರು ನಾಲ್ಕು ಗಂಟೆ ಮುರಿಯದ ನಿದ್ದೆ ಸಿಕ್ಕರೆ ಮೈ ಕೂಡಿಕೊಳ್ಳುವ ರೀತಿಯೇ ಬೇರೆ. ಇನ್ನೊಂದು, ವಾರಕ್ಕೆ ಮೂರು ದಿನ ಬೆಳಿಗ್ಗೆ ಆರರಿಂದ ಆರೂ ಮುಕ್ಕಾಲು. ಅದನ್ನು ಅತ್ತೆಯ ತಲೆಗೆ ಕಟ್ಟಬೇಡಿ. ಬೆಳಗಿನ ಕಾಫಿ, ತಿಂಡಿ, ದೇವರ ಪೂಜೆಯ ನಡುವೆ ಮಗುವನ್ನೂ ಹಿಡಿಯಬೇಕಾದರೆ ನಿಮ್ಮ ಓಟ ಅವರಿಗೆ ಬೇಡದ ಹೊರೆ ಆಗುತ್ತದೆ. ಒಟ್ಟು ಐದು ಗಂಟೆಯೂ ನಿದ್ದೆ ಆಗದ ರಾತ್ರಿಯ ಮರುದಿನ ಓಡಬೇಡಿ, ಇದು ನಾನು ನನ್ನ ಬಳಿ ಬರುವವರಿಗೆಲ್ಲ ಹಾಕುವ ಕಟ್ಟು.

ಕೆಲಸಕ್ಕೆ ಹೋದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕಾನೂನಿನಲ್ಲೇ ಇದೆ. ಹಾಜರಾಗುವ ಮೊದಲೇ ಮ್ಯಾನೇಜರ್‌ಗೆ ಬರೆದು ಕೊಡಿ. ಮೊದಲ ಎರಡು ವಾರ ಓಟದ ವಿಷಯವೇ ಎತ್ತಬೇಡಿ, ನಡಿಗೆ ಸಾಕು.

ಒಂದು ದಿನದ ಅಳು ಸಹಜ. ಎರಡು ವಾರ ದಾಟಿಯೂ ಕಣ್ಣೀರು, ಮಗು ಮಲಗಿದ್ದರೂ ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಇದ್ದರೆ ಓಟದಿಂದ ಸರಿಹೋಗಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಗನಿಗೆ ಆರು ತಿಂಗಳು. ಹೆಂಡತಿಗೆ ಬಿಡುವು ಸಿಗಲಿ ಅಂತ ಮಗುವನ್ನು ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡು ತೋಟದಾಚೆಯ ಕಾಡುದಾರಿಯಲ್ಲಿ ನಿಧಾನಕ್ಕೆ ಓಡಬಹುದಾ?
— ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಪ್ಪ

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೆ ಕಟ್ಟಿಕೊಂಡು ಓಡುವುದು ಬೇಡವೇ ಬೇಡ. ಆ ವಯಸ್ಸಿನ ಕುತ್ತಿಗೆ ಪ್ರತಿ ಹೆಜ್ಜೆಯ ಕುಲುಕಾಟ ತಾಳುವುದಿಲ್ಲ, ನೀವು ಜಾರಿ ಬಿದ್ದರೆ ಮಗುವೇ ಅಡಿಗಾಗುತ್ತದೆ. ಕಟ್ಟಿಕೊಂಡು ನಡೆಯಿರಿ, ಮಗುವಿನ ಮುಖ ನಿಮಗೆ ಕಾಣುವ ಹಾಗೆ, ಅದರ ಗದ್ದ ಅದರ ಎದೆಗೇ ಒತ್ತದ ಹಾಗೆ. ಹೆಂಡತಿಗೆ ಆ ಮುಕ್ಕಾಲು ಗಂಟೆ ಸಿಕ್ಕೇ ಸಿಗುತ್ತದೆ.

ಕಾಡುದಾರಿಗೆ ಮಾತ್ರ ಮಗುವನ್ನು ಒಯ್ಯಬೇಡಿ. ಈಗ ಉಂಬಳ, ಡಿಸೆಂಬರ್ ಬಂತೆಂದರೆ ಉಣುಗು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಇವತ್ತಿಗೂ ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆ ದಿನಗಳಲ್ಲಿ ನೀವೊಬ್ಬರೇ ಕಾಡಿಗೆ ಹೋಗಿ ಬಂದರೂ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿಯೇ ಮಗುವನ್ನು ಎತ್ತಿಕೊಳ್ಳಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪ್ರಶ್ನೆ: ಸಿಸೇರಿಯನ್ ಆಗಿ ಹತ್ತು ವಾರ. ಹೊರಗಿನ ಗಾಯ ಪೂರ್ತಿ ಮಾಗಿದೆ, ನೋವಿಲ್ಲ. ಓಡಬಹುದಲ್ಲ?
— ಸಾಗರ

ಉತ್ತರ: ಇನ್ನೂ ಇಲ್ಲ. ಕಣ್ಣಿಗೆ ಕಾಣುವುದು ಚರ್ಮ. ಅದರ ಕೆಳಗಿನ ಗಟ್ಟಿ ಪೊರೆಗೆ ಆರು ವಾರದಲ್ಲಿ ಮೊದಲಿನ ಬಲದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಮರಳಿರುತ್ತದೆ, ಆರೇಳು ತಿಂಗಳಿಗೂ ಪೂರ್ತಿ ಬಂದಿರುವುದಿಲ್ಲ. ಹೊಟ್ಟೆ ಕೊಯ್ದು ಹೆರಿಗೆ ಆಗಿದ್ದರೂ ಒಂಬತ್ತು ತಿಂಗಳ ಭಾರ ಹೊತ್ತದ್ದು ಅದೇ ಜೋಲಿ, ಮೇಲೆ ಹೇಳಿದ ವ್ಯಾಯಾಮ ನಿಮಗೂ ಬೇಕು.

ಇವತ್ತು ಹೀಗೆ ಮಾಡಿ ನೋಡಿ. ಅಂಗಾತ ಮಲಗಿ, ಮೊಣಕಾಲು ಮಡಚಿ, ಹೊಕ್ಕಳಿನ ಮೇಲೆ ಬೆರಳನ್ನು ಅಡ್ಡಡ್ಡಲಾಗಿ ಇಟ್ಟು ತಲೆಯನ್ನಷ್ಟೇ ಎತ್ತಿ. ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಸಿಕ್ಕರೆ, ಅಥವಾ ಹೊಟ್ಟೆಯ ನಡುಗೆರೆ ಏಣಿನ ಹಾಗೆ ಉಬ್ಬಿದರೆ, ಸಿಟ್‌ಅಪ್ ಮಾಡಬೇಡಿ. ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ, ಕೈ ಊರಿ ಏಳಿ. ನಡಿಗೆಯನ್ನು ಹತ್ತು ನಿಮಿಷದಿಂದ ಅರ್ಧ ಗಂಟೆಗೆ ಏರಿಸುತ್ತಾ ಹೋಗಿ, ಇನ್ನು ನಾಲ್ಕು ವಾರ ಕಳೆದ ಮೇಲೆ ಒಂದು ಸಲ ವೈದ್ಯರಿಗೆ ತೋರಿಸಿ. ಓಟದ ಮಾತು ಆಮೇಲೆ ಆಡೋಣ, ಬರೆಯಿರಿ.