ಪಾಲಿಕೆಗೆ ಬರೆದ ಪತ್ರಕ್ಕೆ ಉತ್ತರ ಯಾಕೆ ಬೇಕು?

ಇಂಗ್ಲೆಂಡಿನ ಶೆಫೀಲ್ಡ್‌ ನಗರದ ಬೀದಿಮರಗಳ ಹೋರಾಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಓದುಗರೊಬ್ಬರು ಖಾರವಾಗಿ ಬರೆದಿದ್ದಾರೆ. ಅವರ ಮಾತಿನ ಸಾರ ಇಷ್ಟು: ನಗರ ಪಾಲಿಕೆಯನ್ನು ಜನರೇ ಆರಿಸಿ ಕಳಿಸಿದ್ದಾರೆ, ಕೆಲಸ ಮಾಡಲು ಬಿಡಬೇಕು. ಪತ್ರ ಬರೆಯುವವರು, ಬೀದಿಗಿಳಿಯುವವರು ಬೆರಳೆಣಿಕೆಯ ಮಂದಿ, ಬಿಡುವು ಜಾಸ್ತಿ ಇರುವವರು. ಎಲ್ಲರ ತಕರಾರು ಕೇಳುತ್ತಾ ಕೂತರೆ ರಸ್ತೆಯೂ ಆಗುವುದಿಲ್ಲ, ಚರಂಡಿಯೂ ಆಗುವುದಿಲ್ಲ. ಪ್ರತಿಭಟನೆಯನ್ನು ಹಾಡಿ ಹೊಗಳುವುದು ಬಿಟ್ಟು, ಆ ಪತ್ರಗಳನ್ನೆಲ್ಲ ಪಾಲಿಕೆ ಏನು ಮಾಡಬೇಕಿತ್ತು ಅಂತ ಹೇಳಿ.

ಪ್ರಿಯ ಓದುಗರೇ,

ನಿಮ್ಮ ಕೊನೆಯ ಪ್ರಶ್ನೆ ನೇರವಾಗಿದೆ. ಅದಕ್ಕೇ ಈ ಉದ್ದದ ಉತ್ತರ.

ಮೊದಲಿಗೆ, ನೀವು ಹೇಳಿದ್ದರಲ್ಲಿ ಸತ್ಯ ಇದೆ. ಸಭೆಗೆ ಬಂದು ಮಾತಾಡುವವರನ್ನು ಇಡೀ ಊರಿನ ಪ್ರತಿನಿಧಿಗಳು ಅಂದುಕೊಳ್ಳಲಾಗದು. ಅಮೆರಿಕದ ಬಾಸ್ಟನ್‌ ಸುತ್ತಮುತ್ತಲ ಊರುಗಳಲ್ಲಿ ಹೊಸ ಮನೆಗಳ ಯೋಜನೆ ಕುರಿತು ನಡೆದ ಸಾರ್ವಜನಿಕ ಸಭೆಗಳ ನಡಾವಳಿಗಳನ್ನು ಸಂಶೋಧಕರು ಕೂತು ಓದಿದ್ದಾರೆ. ಮಾತಾಡಿದವರಲ್ಲಿ ಸ್ವಂತ ಮನೆ ಇದ್ದವರು, ವಯಸ್ಸಾದವರು ಜಾಸ್ತಿ. ಹೆಚ್ಚಿನವರು ಮಾತಾಡಿದ್ದು ಯೋಜನೆಯ ವಿರುದ್ಧವೇ. ಆ ಮನೆಗಳು ಎದ್ದಿದ್ದರೆ ಅಲ್ಲಿಗೆ ಬಾಡಿಗೆಗೆ ಬರಬಹುದಾಗಿದ್ದವರು ಸಭೆಯಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಅವರಿಗೆ ಆ ಊರಿನಲ್ಲಿ ಇನ್ನೂ ವಿಳಾಸವೇ ಇಲ್ಲ. ಹಾಗಾಗಿ ಪತ್ರಗಳನ್ನು ಎಣಿಸಿ, ಜಾಸ್ತಿ ಬಂದ ಕಡೆಗೆ ವಾಲಬೇಕು ಅಂತ ನಾನೂ ಹೇಳುವುದಿಲ್ಲ.

ಆದರೆ ಪತ್ರದಲ್ಲಿ ಬರೆದಂತೆ ನಡೆಯುವುದು ಬೇರೆ, ಪತ್ರಕ್ಕೆ ಉತ್ತರ ಕೊಡುವುದು ಬೇರೆ. ಪಾಲಿಕೆ ‘ಆಗುವುದಿಲ್ಲ’ ಅನ್ನಬಹುದು, ಅದಕ್ಕೆ ಪೂರ್ತಿ ಹಕ್ಕಿದೆ. ಯಾಕೆ ಆಗುವುದಿಲ್ಲ ಅನ್ನುವ ನಿಜವಾದ ಕಾರಣವನ್ನೂ ಜೊತೆಗೆ ಹೇಳಬೇಕು. ತೀರ್ಮಾನ ಬದಲಿಸಲು ಇನ್ನೂ ಅವಕಾಶ ಇರುವಾಗಲೇ ಹೇಳಬೇಕು. ಶೆಫೀಲ್ಡ್‌ ಎಡವಿದ್ದು ಇಲ್ಲೇ.

ಆ ಕಥೆಯನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡೋಣ. 2012ರಲ್ಲಿ ಶೆಫೀಲ್ಡ್‌ ಪಾಲಿಕೆ ರಸ್ತೆ, ಕಾಲುದಾರಿ, ಬೀದಿದೀಪಗಳ ಕೆಲಸವನ್ನು ಒಂದು ಖಾಸಗಿ ಕಂಪನಿಗೆ ವಹಿಸಿತು. 25 ವರ್ಷದ ಗುತ್ತಿಗೆ, ಮೊತ್ತ ಸುಮಾರು 220 ಕೋಟಿ ಪೌಂಡ್‌. ರಸ್ತೆಗಳು ನಿಜಕ್ಕೂ ಹದಗೆಟ್ಟಿದ್ದವು. ಕೆಲಸ ಆಗಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗುತ್ತಿಗೆಯ ಒಳಗೆ 17,500 ಬೀದಿಮರಗಳನ್ನು ತೆಗೆದು ಬೇರೆ ನೆಡುವ ಮಾತೂ ಇತ್ತು. ಊರಿನಲ್ಲಿದ್ದ ಬೀದಿಮರಗಳೇ ಸುಮಾರು 36,000. ಹತ್ತಿರ ಹತ್ತಿರ ಅರ್ಧ! ಈ ಅಂಕಿ ಜನರ ಕೈಗೆ ಸಿಕ್ಕಿದ್ದು 2018ರಲ್ಲಿ, ಅದೂ ಮಾಹಿತಿ ಹಕ್ಕಿನಡಿ ಕೇಳಿ ಪಡೆದ ಮೇಲೆ. ಅಲ್ಲಿಯವರೆಗೆ ಬರೆದವರಿಗೆಲ್ಲ ಸಿಗುತ್ತಿದ್ದ ಉತ್ತರ ಒಂದೇ: ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಮರ ಕಡಿಯುತ್ತೇವೆ.

ಜನ ಸುಮ್ಮನಿರಲಿಲ್ಲ, ಹಾಗಂತ ಮೊದಲ ದಿನವೇ ಬೀದಿಗೂ ಇಳಿಯಲಿಲ್ಲ. ಬರೆದರು, ಸಹಿ ಸಂಗ್ರಹಿಸಿದರು. 2015ರಲ್ಲಿ ಪಾಲಿಕೆಯೇ ಒಂದು ಸ್ವತಂತ್ರ ತಜ್ಞರ ಸಮಿತಿ ಮಾಡಿತು. ಮನೆಮನೆಗೆ ಅಂಚೆಯಲ್ಲಿ ಅಭಿಪ್ರಾಯ ಕೇಳುವುದು, ವಿರೋಧ ಬಂದ ಬೀದಿಯ ಮರಗಳನ್ನು ಸಮಿತಿ ನೋಡಿ ಸಲಹೆ ಕೊಡುವುದು ಅಂತ ಏರ್ಪಾಡಾಯಿತು. ಒಳ್ಳೆಯ ಏರ್ಪಾಡೇ. ಆದರೆ ಉಳಿಸಿ ಅಂತ ಸಮಿತಿ ಹೇಳಿದ ಮರಗಳಲ್ಲಿ ಹೆಚ್ಚಿನವನ್ನು ಉಳಿಸಲು ಪಾಲಿಕೆ ಒಪ್ಪಲಿಲ್ಲ. ಅಭಿಪ್ರಾಯ ಕೇಳದೇ ಇದ್ದಿದ್ದರೆ ಜನರಿಗೆ ಸಿಟ್ಟು ಬರುತ್ತಿತ್ತು, ಅಷ್ಟೇ. ಕೇಳಿ, ಬರೆಸಿಕೊಂಡು, ಆಮೇಲೆ ಪಕ್ಕಕ್ಕಿಟ್ಟರೆ ನಂಬಿಕೆಯೇ ಹೋಗುತ್ತದೆ. ಹೋದ ನಂಬಿಕೆ ಮತ್ತೆ ಬರಲು ವರ್ಷಗಳು ಬೇಕು.

2016ರ ನವೆಂಬರ್‌ 17, ರಸ್ಟ್ಲಿಂಗ್ಸ್‌ ರೋಡ್‌. ಬೆಳಗಿನ ಜಾವ ಐದು ಗಂಟೆ, ಇನ್ನೂ ಕತ್ತಲು. ಪೊಲೀಸರು ಬಾಗಿಲು ಬಡಿದು, ಬೀದಿಯಲ್ಲಿ ನಿಲ್ಲಿಸಿದ್ದ ಕಾರುಗಳನ್ನು ತೆಗೆಸಿದರು. ಎಂಟು ಮರಗಳು ಉರುಳಿದವು. ಅಡ್ಡ ನಿಂತ ಮೂವರನ್ನು ಬಂಧಿಸಿದರು, ಅವರಲ್ಲಿ ಇಬ್ಬರು 70ರ ವಯಸ್ಸಿನ ಹೆಂಗಸರು. ಅವರ ವಿರುದ್ಧ ಬಳಸಿದ್ದು ಕಾರ್ಮಿಕ ಸಂಘಗಳಿಗೆ ಸಂಬಂಧಿಸಿದ 1992ರ ಕಾಯ್ದೆಯ ಒಂದು ಕಲಂ! ಕೇಸು ಆಮೇಲೆ ಬಿದ್ದುಹೋಯಿತು. ಈ ಬೀದಿಯ ಬಗ್ಗೆ ತಜ್ಞರ ಸಮಿತಿ ಕೊಟ್ಟಿದ್ದ ಸಲಹೆ ತಿಂಗಳುಗಳಿಂದ ಪಾಲಿಕೆಯ ಬಳಿಯೇ ಇತ್ತು. ಅದನ್ನು ಜನರ ಮುಂದಿಟ್ಟದ್ದು ಅದೇ ಬೆಳಗಿನ ಜಾವ. ಅಂದರೆ ಉತ್ತರ ಬಂತು, ಆದರೆ ಗರಗಸದ ಜೊತೆಗೇ ಬಂತು. ಓದಿ, ಮರುಮಾತು ಬರೆಯಲು ಸಮಯ ಎಲ್ಲಿತ್ತು?

ಆಮೇಲೆ ಆಗಿದ್ದನ್ನು ಬೇಗ ಹೇಳಿಬಿಡುತ್ತೇನೆ. 2017ರಲ್ಲಿ ಪಾಲಿಕೆ ಪ್ರತಿಭಟಿಸುವವರ ವಿರುದ್ಧ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಅದನ್ನು ಮೀರಿದ ಕೆಲವರಿಗೆ ಅಮಾನತಿನಲ್ಲಿಟ್ಟ (ಮತ್ತೆ ತಪ್ಪು ಮಾಡಿದರೆ ಮಾತ್ರ ಜಾರಿಯಾಗುವ) ಜೈಲು ಶಿಕ್ಷೆಯೂ ಆಯಿತು. 2018ರ ಮಾರ್ಚ್‌ನಲ್ಲಿ ಕಡಿಯುವುದು ನಿಂತಿತು. ಅಷ್ಟರಲ್ಲಿ ಐದು ಸಾವಿರಕ್ಕೂ ಹೆಚ್ಚು ಮರಗಳು ಹೋಗಿದ್ದವು. ಎದುರು ಬದುರು ಕೂತು ಮಾತಾಡಿದ ಮೇಲೆ, ಉಳಿಸಲು ಸಾಧ್ಯವೇ ಇಲ್ಲ ಅಂದಿದ್ದ ಎಷ್ಟೋ ಮರಗಳು ಅಲ್ಲಲ್ಲೇ ಉಳಿದವು. 2023ರಲ್ಲಿ ಸರ್‌ ಮಾರ್ಕ್‌ ಲೋಕಾಕ್‌ ಅವರ ವಿಚಾರಣಾ ವರದಿ ಬಂತು. ಪಾಲಿಕೆ ಜನರ ದಾರಿ ತಪ್ಪಿಸಿತು, ನ್ಯಾಯಾಲಯದ ದಾರಿಯನ್ನೂ ತಪ್ಪಿಸಿತು ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಅದೇ ವರ್ಷ ಪಾಲಿಕೆ ಕ್ಷಮೆ ಕೇಳಿತು.

ಪತ್ರಗಳಿಗೆ ಉತ್ತರಿಸುತ್ತಾ ಕೂತರೆ ಕೆಲಸ ತಡವಾಗುತ್ತದೆ ಅಂತೀರಿ. ಇಲ್ಲಿ ಪೊಲೀಸು, ವಕೀಲರು, ತಡೆಯಾಜ್ಞೆ ಅಂತ ಹೋದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಗುತ್ತಿಗೆಯಲ್ಲಿ ಏನಿದೆ ಅಂತ 2014ರಲ್ಲೇ ನಿಜ ಹೇಳಿದ್ದರೆ ಜಗಳ ಆಗುತ್ತಿರಲಿಲ್ಲವಾ? ಆಗುತ್ತಿತ್ತು. ಆದರೆ ಸಭೆಯ ಒಳಗೆ ಆಗುತ್ತಿತ್ತು, ಬೀದಿಯ ಕತ್ತಲಲ್ಲಿ ಆಗುತ್ತಿರಲಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಪಾಲಿಕೆ ಪತ್ರಗಳನ್ನು ಏನು ಮಾಡಬೇಕು? ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. 1985ರಲ್ಲಿ ಲಂಡನ್ನಿನ ಬ್ರೆಂಟ್‌ ಪಾಲಿಕೆ ಕೆಲವು ಶಾಲೆಗಳನ್ನು ಮುಚ್ಚಲು, ಒಂದರೊಳಗೊಂದು ಸೇರಿಸಲು ಹೊರಟಾಗ ವಿಷಯ ಕೋರ್ಟಿಗೆ ಹೋಯಿತು. ಗನ್ನಿಂಗ್‌ ನಿಯಮಗಳು ಅಂತ ಇವತ್ತಿಗೂ ಕರೆಯುವ ನಾಲ್ಕು ಮಾತು ಹುಟ್ಟಿದ್ದು ಆ ಪ್ರಕರಣದಲ್ಲಿ. ಯೋಜನೆ ಇನ್ನೂ ಹಸಿಯಾಗಿರುವಾಗಲೇ ಜನರನ್ನು ಕೇಳಬೇಕು. ತಿಳಿದು ಉತ್ತರಿಸಲು ಬೇಕಾದಷ್ಟು ಕಾರಣಗಳನ್ನು ಅವರ ಮುಂದಿಡಬೇಕು. ಯೋಚಿಸಲು ಸಾಕಷ್ಟು ಸಮಯ ಕೊಡಬೇಕು. ಬಂದದ್ದನ್ನು ಮನಸ್ಸಿಟ್ಟು ಓದಿ, ಆಮೇಲೆ ತೀರ್ಮಾನಿಸಬೇಕು. ಇಷ್ಟೇ. ಪತ್ರದಲ್ಲಿ ಕೇಳಿದ್ದನ್ನು ಕೊಡಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ, ಗಮನಿಸಿ.

ಎರಡನೆಯ ಮಾತನ್ನು ಜನ ಹಗುರವಾಗಿ ನೋಡುತ್ತಾರೆ. ನನಗೆ ಅದೇ ದೊಡ್ಡದು. ಲಂಡನ್ನಿನದೇ ಹ್ಯಾರಿಂಗೆ ಪಾಲಿಕೆಗೆ ಬಡವರ ತೆರಿಗೆ ರಿಯಾಯಿತಿಗಾಗಿ ಸರ್ಕಾರದಿಂದ ಬರುವ ಹಣ ಕಡಿಮೆಯಾಯಿತು. ರಿಯಾಯಿತಿ ಕಡಿತ ಮಾಡುವ ಬಗ್ಗೆ ಅದು ಮನೆಮನೆಗೆ ಪತ್ರ ಬರೆದು ಅಭಿಪ್ರಾಯ ಕೇಳಿತು. ಆದರೆ ಓದಿದವರಿಗೆ ಕಡಿತ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನಿಸುವಂತಿತ್ತು ಆ ಪತ್ರ. ತೆರಿಗೆ ಸ್ವಲ್ಪ ಏರಿಸಬಹುದಿತ್ತು, ಬೇರೆ ಖರ್ಚು ಇಳಿಸಬಹುದಿತ್ತು, ಕೂಡಿಟ್ಟ ಹಣ ತೆಗೆಯಬಹುದಿತ್ತು. ಇವುಗಳನ್ನು ಯಾಕೆ ಬಿಟ್ಟೆವು ಅಂತ ಒಂದು ಮಾತೂ ಇರಲಿಲ್ಲ. 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ ಈ ಸಮಾಲೋಚನೆ ಕಾನೂನಿಗೆ ವಿರುದ್ಧ ಅಂದಿತು. ಕಡಿತ ಮಾಡಿದ್ದೇ ತಪ್ಪು ಅನ್ನಲಿಲ್ಲ. ಜನರಿಗೆ ಅರ್ಧ ಚಿತ್ರ ತೋರಿಸಿ ಪೂರ್ತಿ ಅಭಿಪ್ರಾಯ ಕೇಳಿದ್ದು ತಪ್ಪು ಅಂದಿತು.

‘ನಿಮ್ಮ ಪತ್ರ ತಲುಪಿದೆ, ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ.’ ಈ ಸಾಲು ಓದದವರು ಯಾರಿದ್ದಾರೆ ಹೇಳಿ. ಸಾವಿರ ಪತ್ರಕ್ಕೆ ಸಾವಿರ ಉತ್ತರ ಬರೆಯಲು ಆಗುವುದಿಲ್ಲ, ಒಪ್ಪುತ್ತೇನೆ. ಒಂದೇ ಒಕ್ಕಣೆಯ ಪತ್ರಗಳು ಐನೂರು ಬಂದರೆ ಎಲ್ಲಕ್ಕೂ ಸೇರಿಸಿ ಒಂದೇ ಉತ್ತರ ಬರೆದು ಎಲ್ಲರಿಗೂ ಕಾಣುವ ಕಡೆ ಹಾಕಲಿ. ಆದರೆ ಆ ರಾಶಿಯಲ್ಲೇ ಎಲ್ಲೋ ಒಂದು ಪತ್ರ ಇರುತ್ತದೆ. ನಕ್ಷೆಯಲ್ಲಿರುವ ಚರಂಡಿ ಆ ಬೀದಿಯಲ್ಲಿ ಇಲ್ಲವೇ ಇಲ್ಲ, ಮಳೆ ಬಂದರೆ ನೀರು ಈ ಕಡೆ ಹರಿಯುತ್ತದೆ, ಬೇಕಾದರೆ ಬಂದು ನೋಡಿ ಅಂತ ಬರೆದಿರುತ್ತದೆ. ಅದು ಗುಮಾಸ್ತರ ಕಡತದಲ್ಲಿ ಕೂರಬಾರದು, ತೀರ್ಮಾನ ಮಾಡುವ ಎಂಜಿನಿಯರ್‌ ಕೈಗೆ ಹೋಗಬೇಕು. ಅಂಥ ಪತ್ರವನ್ನು ಹೆಕ್ಕಿ ತೆಗೆಯುವುದೇ ಕೆಲಸ ಅಂತ ಪಾಲಿಕೆಯಲ್ಲಿ ಒಬ್ಬರಾದರೂ ಇರಬೇಕು. ನೀವು ಕೇಳುವ ಚರಂಡಿ ಸರಿಯಾಗಿ ಆಗಬೇಕಾದರೂ ಇದು ಬೇಕು, ಅಲ್ವಾ?

ಆರಿಸಿ ಬಂದವರು ಆಳಲಿ ಬಿಡಿ ಅನ್ನುವ ನಿಮ್ಮ ವಾದಕ್ಕೂ ಶೆಫೀಲ್ಡ್‌ನಲ್ಲೇ ಉತ್ತರ ಇದೆ. ಪಾಲಿಕೆಯ ಆಡಳಿತ ಪದ್ಧತಿ ಬದಲಿಸಬೇಕು ಅಂತ ಶೇ 5ರಷ್ಟು ಮತದಾರರು ಸಹಿ ಹಾಕಿದರೆ ಜನಮತಗಣನೆ ನಡೆಸಲೇಬೇಕು ಅನ್ನುತ್ತಿತ್ತು ಆಗಿನ ಇಂಗ್ಲೆಂಡಿನ ಕಾನೂನು. ಅಲ್ಲಿನ ಜನ 20,000ಕ್ಕೂ ಹೆಚ್ಚು ಸಹಿ ಕೂಡಿಸಿದರು. 2021ರ ಮೇನಲ್ಲಿ ಮತದಾನ ಆಯಿತು. ಕೆಲವೇ ಸದಸ್ಯರ ಸಂಪುಟದ ಕೈಯಲ್ಲಿ ಅಧಿಕಾರ ಇರುವ ಪದ್ಧತಿ ಬೇಡ, ಎಲ್ಲ ಪಕ್ಷದವರೂ ಕೂರುವ ಸಮಿತಿಗಳು ತೀರ್ಮಾನಿಸಲಿ ಅಂತ ಸುಮಾರು ಶೇ 65ರಷ್ಟು ಮತ ಬಿತ್ತು. ಮರದ ಕೆಳಗೆ ನಿಂತಿದ್ದವರು ಬೆರಳೆಣಿಕೆಯ ಮಂದಿ ಇರಬಹುದು. ಮತ ಹಾಕಿದವರು ಹಾಗಲ್ಲ.

ಒಂದು ಮಾತು ಪತ್ರ ಬರೆಯುವವರಿಗೂ. ಬರೀ ‘ವಿರೋಧಿಸುತ್ತೇವೆ’ ಅಂತ ಬರೆದರೆ ಪಾಲಿಕೆಗೆ ಎಣಿಸುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಕಂಡದ್ದನ್ನು ಬರೆಯಿರಿ: ಯಾವ ಜಾಗ, ಏನಾಗುತ್ತಿದೆ, ಯಾವಾಗ. ಫೋಟೋ ಇದ್ದರೆ ಜೊತೆಗಿಡಿ. ಅಂತಿಮ ತೀರ್ಮಾನ ಯಾವತ್ತು, ಬೇರೆ ಯಾವ ದಾರಿಗಳನ್ನು ನೋಡಿದ್ದೀರಿ, ಅವನ್ನು ಯಾಕೆ ಬಿಟ್ಟಿರಿ ಅಂತ ಕೇಳಿ, ಲಿಖಿತ ಉತ್ತರ ಬೇಕು ಅನ್ನಿ. ತೀರ್ಮಾನದ ದಿನಕ್ಕೆ ಮುಂಚೆ ಪತ್ರ ತಲುಪುವ ಹಾಗೆ ನೋಡಿಕೊಳ್ಳಿ.

— ಸಂಪಾದಕ