ಮಗನಿಗೊಂದು ಪತ್ರ ಬರೆಯಿರಿ ಅಂದರೆ ಅಪ್ಪಂದಿರ ಕೈ ಓಡುವುದಿಲ್ಲ

ಕಳೆದ ಸಂಚಿಕೆಯಲ್ಲಿ ಬೇರೇನೋ ಉತ್ತರದ ನಡುವೆ, ನಮ್ಮ ಹುಡುಗ ಕ್ಯಾಲಿಫೋರ್ನಿಯಾದ ಒಂದು ಕ್ಯಾಥೊಲಿಕ್ ಬಾಯ್ಸ್ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಓದಿ ಮುಗಿಸಿದ ಅಂತ ಒಂದು ಸಾಲು ಬರೆದಿದ್ದೆ. ಬಂದವು ನೋಡಿ ಪ್ರಶ್ನೆಗಳು. ಈ ಸಲದ ಜಾಗ ಪೂರ್ತಿ ಅವಕ್ಕೇ ಬಿಟ್ಟಿದ್ದೇನೆ. ಮಗನ ಶಾಲೆ ಯಾವುದು ಅಂತ ಮಾತ್ರ ಕೇಳಬೇಡಿ. ಹೊಗಳುವುದೂ ಇದೆ, ಬೈಯುವುದೂ ಇದೆ. ಹೆಸರು ಹೇಳಿಬಿಟ್ಟರೆ ಎರಡಕ್ಕೂ ಬಾಯಿ ಕಟ್ಟುತ್ತದೆ.

ಪ್ರಶ್ನೆ: ಮಗ ಎಂಟನೇ ಕ್ಲಾಸು. ಸ್ಯಾನ್ ಹೊಸೆಯ ಬೆಲರ್ಮಿನ್‌ಗೆ ಹಾಕೋಣ ಅಂತ ನಮ್ಮ ಮನೆಯವರ ಆಸೆ. ನಾವು ದಿನಾ ದೇವರ ಮುಂದೆ ದೀಪ ಹಚ್ಚಿ ಊಟ ಮಾಡುವ ಜನ. ಅಲ್ಲಿ ಧರ್ಮದ ಪಾಠ ಕಡ್ಡಾಯವಂತೆ, ಪೂಜೆಗೂ ಕೂರಿಸುತ್ತಾರಂತೆ. ಹುಡುಗ ಕೈತಪ್ಪಿ ಹೋದರೆ?
— ಒಬ್ಬ ಅಮ್ಮ, ಫ್ರೀಮಾಂಟ್

ಉತ್ತರ: ಈ ಭಯ ನನಗೂ ಇತ್ತು, ನಮ್ಮ ಅತ್ತೆಗೆ ನನಗಿಂತ ಜಾಸ್ತಿ ಇತ್ತು. ಆದರೆ ಒಂದು ಮಾತು ಕೇಳುತ್ತೇನೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲು 1858ರಿಂದ ಇದೆ, ಮಂಗಳೂರಿನ ಸೇಂಟ್ ಅಲೋಶಿಯಸ್ 1880ರಿಂದ. ರಾಹುಲ್ ದ್ರಾವಿಡ್ ಓದಿದ್ದು ಆ ಜೋಸೆಫ್ಸ್‌ನಲ್ಲೇ. ಅಂಥ ಕಡೆ ಸೀಟು ಸಿಕ್ಕಿತು ಅಂತ ಅಕ್ಕಪಕ್ಕದ ಮನೆಗೆಲ್ಲ ಪೇಡಾ ಹಂಚಿದವರು ನಾವು. ಇಲ್ಲಿಗೆ ಬಂದ ಮೇಲೆ ಅದೇ ಪಾದ್ರಿಗಳನ್ನು ಕಂಡರೆ ಯಾಕೆ ಹೆದರಿಕೆ?

ಒಂದು ವ್ಯತ್ಯಾಸ ಮಾತ್ರ ಇದೆ, ಮುಚ್ಚಿಡುವುದಿಲ್ಲ. ಊರಲ್ಲಿ ಕ್ರಿಶ್ಚಿಯನ್ ಮಕ್ಕಳು ಕ್ಯಾಟಕಿಸಂಗೆ ಹೋದರೆ ಉಳಿದವರಿಗೆ ಮಾರಲ್ ಸೈನ್ಸ್. ಇಲ್ಲಿ ಎಲ್ಲರೂ ಒಂದೇ ಕ್ಲಾಸಿನಲ್ಲಿ ಕೂತು ಬೈಬಲ್ ಓದಿ, ಪ್ರಬಂಧ ಬರೆದು, ಗ್ರೇಡು ತಗೊಳ್ಳಬೇಕು. ಮಾಸ್‌ಗೂ ಎಲ್ಲರೂ ಹೋಗಬೇಕು. ಪ್ರಸಾದದ ಹೊತ್ತಿಗೆ ಕ್ಯಾಥೊಲಿಕ್ ಅಲ್ಲದ ಹುಡುಗರು ಕೂತಲ್ಲೇ ಕೂರಬಹುದು. ಇಲ್ಲಾ, ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಟಿಕೊಂಡು ಸಾಲಿನಲ್ಲಿ ಹೋದರೆ ಪಾದ್ರಿ ರೊಟ್ಟಿ ಕೊಡದೆ ಬರೀ ಆಶೀರ್ವಾದ ಮಾಡಿ ಕಳಿಸುತ್ತಾರೆ. ಇದನ್ನು ಅತ್ತೆಗೆ ಬಿಡಿಸಿ ಹೇಳಿದೆ. "ಸಾಲಲ್ಲಿ ನಿಂತ ಮಗುವಿಗೆ ಪ್ರಸಾದ ಇಲ್ಲ ಅಂತಾರಾ, ಇದೆಂಥ ದೇವಸ್ಥಾನ!" ಅಂದರು. ಅಲ್ಲಿಗೆ ಅವರ ಭಯ ಹೋಗಿ ಸಿಟ್ಟು ಶುರುವಾಯಿತು.

ಬೆಲರ್ಮಿನ್ ಜೆಸ್ಯೂಟರ ಶಾಲೆ, ಅಂದರೆ ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘದ್ದು. ಜೆಸ್ಯೂಟ್ ಶಾಲೆಗಳಲ್ಲಿ ಹಾಳೆಯ ತುದಿಯಲ್ಲಿ ಎ.ಎಂ.ಡಿ.ಜಿ. ಅಂತ ನಾಲ್ಕು ಅಕ್ಷರ ಬರೆಯುವ ಹಳೇ ರೂಢಿ ಇದೆ. ದೇವರ ಮಹಿಮೆ ಹೆಚ್ಚಲಿ ಅಂತ ಅದರ ಲ್ಯಾಟಿನ್ ಅರ್ಥ. ನಿಮ್ಮ ಮಗನ ಹೋಮ್‌ವರ್ಕಿನಲ್ಲಿ ಕಂಡರೆ ಗಾಬರಿ ಬೀಳಬೇಡಿ. ನಾವೂ ಉತ್ತರಪತ್ರಿಕೆಯ ನೆತ್ತಿ ಮೇಲೆ "ಶ್ರೀ" ಬರೆದು ಆಮೇಲೆ ಮೊದಲನೇ ಪ್ರಶ್ನೆಗೆ ಇಳಿಯುತ್ತಿರಲಿಲ್ವಾ, ಅದೇ ಕತೆ.

ನಿಜವಾದ ತೊಂದರೆ ಬೇರೆ ಇದೆ. ನಮ್ಮ ಹುಡುಗ ಹತ್ತನೇ ಕ್ಲಾಸಿನಲ್ಲಿದ್ದಾಗ ಥಿಯಾಲಜಿ ಮೇಷ್ಟ್ರು, ಸಾವಿನ ಬಗ್ಗೆ ನಿಮ್ಮ ಮನೆಯಲ್ಲಿ ಏನು ನಂಬುತ್ತಾರೆ, ದೊಡ್ಡವರನ್ನು ಕೇಳಿ ಬರೆದು ತಾ ಅಂದಿದ್ದರು. ಇವನು ಪುಸ್ತಕ ಹಿಡಿದು ಅಡುಗೆಮನೆಗೆ ಬಂದು ನಿಂತ. ನಾನು ಹದಿಮೂರು ದಿನದ ಕೆಲಸ ಎಲ್ಲ ಹೇಳಿದೆ, ಯಾವ ದಿನ ಏನು ಅಡುಗೆ ಅನ್ನೋವರೆಗೂ. "ಯಾಕೆ ಹಾಗೆ ಮಾಡ್ತಾರೆ?" ಅಂದ. ಒಗ್ಗರಣೆ ಸೀದುಹೋಯಿತು, ನನ್ನ ಬಾಯಿಂದ ಉತ್ತರ ಬರಲಿಲ್ಲ. ಊರಿಗೆ ಫೋನ್ ಮಾಡಿ ಅಣ್ಣನನ್ನು ಕೇಳಿದೆ, ಅವನಿಗೂ ಗೊತ್ತಿರಲಿಲ್ಲ. ನಿಮ್ಮ ಮಗ ಕೈತಪ್ಪುವುದು ಹಾಗಿರಲಿ, ಇಂಥ ಪ್ರಶ್ನೆ ಹಿಡಿದು ಅಡುಗೆಮನೆಗಂತೂ ಬರುತ್ತಾನೆ.

ಪ್ರಶ್ನೆ: ನನ್ನ ಮಗ ಗಣಿತದಲ್ಲಿ ಯಾವಾಗಲೂ ಮುಂದು. ಆದರೂ ವೇಟ್‌ಲಿಸ್ಟ್ ಅಂತ ಬಂದಿದೆ. ಪಕ್ಕದ ಮನೆ ಹುಡುಗನಿಗೆ ಇವನಿಗಿಂತ ಕಮ್ಮಿ ಗ್ರೇಡು, ಅವನಿಗೆ ಸೀಟು ಸಿಕ್ಕಿದೆ. ಡೊನೇಷನ್ ಥರ ಏನಾದರೂ ಮಾತಾಡಿ ನೋಡಬಹುದಾ?
— ಒಬ್ಬ ಅಪ್ಪ, ಸ್ಯಾನ್ ರಮೋನ್

ಉತ್ತರ: ಬೇಡ ಸ್ವಾಮಿ, ಆ ಫೋನು ಮಾತ್ರ ಮಾಡಬೇಡಿ. ಇರೋ ಚಾನ್ಸೂ ಹೋಗುತ್ತದೆ.

ಈ ಶಾಲೆಗಳು ನೋಡುವ ಎಚ್.ಎಸ್.ಪಿ.ಟಿ. ಅನ್ನೋ ಪ್ರವೇಶ ಪರೀಕ್ಷೆಯಲ್ಲಿ 298 ಪ್ರಶ್ನೆ, ಹೆಚ್ಚುಕಮ್ಮಿ ಎರಡೂವರೆ ಗಂಟೆ. ಮೊದಲಿಗೇ ವರ್ಬಲ್. 60 ಪ್ರಶ್ನೆಗೆ 16 ನಿಮಿಷ, ಅಂದರೆ ಪ್ರಶ್ನೆಗೆ 16 ಸೆಕೆಂಡು. ಯೋಚನೆ ಮಾಡಿ ಬಿಡಿಸು ಅಂತ ಕಲಿಸಿದ ಮಕ್ಕಳು ಇಲ್ಲೇ ಎಡವುವುದು. ತಪ್ಪು ಉತ್ತರಕ್ಕೆ ಮಾರ್ಕು ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬಾರದು. ನಮ್ಮವನು ಬಿಟ್ಟು ಬಂದಿದ್ದ, ಮನೆಗೆ ಬಂದ ಮೇಲೆ ಗೊತ್ತಾಯಿತು. ಎರಡನೇ ಮಗ ಇರುವವರು ಇದನ್ನು ಗುರುತು ಹಾಕಿಕೊಳ್ಳಿ.

ಪರೀಕ್ಷೆ ಒಂದೇ ಅಲ್ಲ. ಗ್ರೇಡು, ಮೇಷ್ಟ್ರು ಬರೆದ ಶಿಫಾರಸು, ಹುಡುಗ ತಾನೇ ಬರೆದ ಉತ್ತರಗಳು ಎಲ್ಲ ಲೆಕ್ಕಕ್ಕೆ ಬರುತ್ತವೆ. ಕ್ಯಾಥೊಲಿಕ್ ಕುಟುಂಬದವರು, ಅಣ್ಣ ಅಲ್ಲೇ ಓದುತ್ತಿರುವವರು ಸ್ವಲ್ಪ ಮುಂದಿರುತ್ತಾರೆ. ಅವರ ಮನೆ, ಅವರ ಪಂಕ್ತಿ. ಬೇಜಾರು ಮಾಡಿಕೊಂಡು ಏನು ಮಾಡುವುದು? ಈಗಲೂ ಸೇರುವ ಮನಸ್ಸಿದೆ ಅಂತ ಮಗನ ಕೈಲೇ ನಾಲ್ಕು ಸಾಲು ಬರೆಸಿ ಕಳಿಸಿ, ಆಮೇಲೆ ಸುಮ್ನಿರಿ. ಪಕ್ಕದ ಮನೆಯವರ ಜೊತೆ ಮಾತು ಬಿಡಬೇಡಿ, ಸೀಟು ಸಿಕ್ಕಿದರೆ ಕಾರ್‌ಪೂಲಿಗೆ ಬೇಕಾಗುತ್ತಾರೆ.

ಪ್ರಶ್ನೆ: ಆಂಟಿ, ನಾನು ನೈಂತ್ ಗ್ರೇಡ್. ನಾನು ಹೇಳಿದ್ದನ್ನು ಅಮ್ಮ ಕನ್ನಡದಲ್ಲಿ ಟೈಪ್ ಮಾಡುತ್ತಿದ್ದಾರೆ. ಶರ್ಟು ಇನ್ ಮಾಡಿಲ್ಲ ಅಂತ ಎರಡು ಸಲ ಜಗ್ ಕೊಟ್ಟರು. ಬರೀ ಹುಡುಗರು, ಯಾವಾಗಲೂ ಗಲಾಟೆ. ನಾನು ಡಬ್ಬಿ ತೆಗೆದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಫ್ರೆಂಡ್ಸೆಲ್ಲ ಪಬ್ಲಿಕ್ ಸ್ಕೂಲಿಗೆ ಹೋದರು. ನಾನೂ ಬಿಡಬಹುದಾ? (ಅಮ್ಮನ ಟಿಪ್ಪಣಿ: ಡಬ್ಬಿ ವಿಷಯ ನನಗೆ ಈಗಲೇ ಗೊತ್ತಾಗಿದ್ದು.)
— ಊರು ಬೇಡ ಅಂದಿದ್ದಾನೆ

ಉತ್ತರ: ಜಗ್ ಅಂದರೆ ಶಾಲೆ ಬಿಟ್ಟ ಮೇಲೂ ಕೂರಿಸಿಕೊಳ್ಳುವ ಶಿಕ್ಷೆ, ಓದುಗರಿಗೆ ಗೊತ್ತಿರಲಿ. ಜಸ್ಟಿಸ್ ಅಂಡರ್ ಗಾಡ್ ಅಂತ ಹುಡುಗರು ಬಿಡಿಸಿ ಹೇಳುತ್ತಾರೆ. ನೊಗಕ್ಕೆ ಲ್ಯಾಟಿನ್ನಿನಲ್ಲಿರುವ ಪದದಿಂದ ಬಂತು ಅಂತಲೂ ಒಂದು ಮಾತಿದೆ. ನೊಗವೇ ಸರಿ ಅನ್ನಿಸುತ್ತದೆ ನನಗೆ. ಶರ್ಟು ಇನ್ ಮಾಡಪ್ಪ, ಅದಕ್ಕೆ ನನ್ನ ಹತ್ತಿರ ಬೇರೆ ಉಪಾಯ ಇಲ್ಲ.

ಡಬ್ಬಿ ವಿಷಯ ಅಮ್ಮನಿಗೆ ಹೇಳುತ್ತೇನೆ. ನಮ್ಮ ಹುಡುಗ ಮೊದಲ ವರ್ಷ ಡಬ್ಬಿ ಖಾಲಿ ತರುತ್ತಿದ್ದ, ಮನೆಗೆ ಬಂದ ತಕ್ಷಣ ಹಸಿವು ಅಂತ ಫ್ರಿಜ್ ತೆಗೆಯುತ್ತಿದ್ದ. ಒಂದು ದಿನ ಗ್ಯಾರೇಜಿನ ಕಸದ ತೊಟ್ಟಿಯಲ್ಲಿ ಪುಳಿಯೋಗರೆ ಸಿಕ್ಕಿತು, ಟಿಶ್ಯೂ ಪೇಪರಿನಲ್ಲಿ ಸುತ್ತಿದ್ದ. ಶಾಲೆಗೆ ಮೇಲ್ ಬರೆದೆ. ಮೂರು ವಾರ ಉತ್ತರ ಇಲ್ಲ. ಬಂದ ಉತ್ತರದಲ್ಲೂ ಹುಡುಗರು ಹಾಗೇ, ತಮಾಷೆಗೆ ಮಾಡಿರುತ್ತಾರೆ ಅನ್ನೋ ಧಾಟಿ. ಆ ಸಿಟ್ಟು ಇವತ್ತಿಗೂ ಇದೆ. ಆದರೆ ನಾನು ಮಾಡಿದ್ದೇನು? ಜಗಳ ಬಿಟ್ಟು ನಾಲ್ಕು ತಿಂಗಳು ಬ್ರೆಡ್ಡಿಗೆ ಜಾಮ್ ಹಚ್ಚಿ ಕಳಿಸಿದೆ. ನೀವು ಹಾಗೆ ಮಾಡಬೇಡಿ. ಯಾರು, ಯಾವ ದಿನ, ಎಲ್ಲಿ ಅಂತ ತಾರೀಕು ಸಮೇತ ಬರೆದು ಕೊಡಿ, ಉತ್ತರ ಬರದಿದ್ದರೆ ಹೋಗಿ ಬಾಗಿಲಲ್ಲಿ ಕೂತುಕೊಳ್ಳಿ.

ನಿನಗೆ ಮರಿ, ಒಂದು ವರ್ಷ ಪೂರ್ತಿ ನೋಡು. ಕೊನೇ ಬೆಲ್ ಆದ ಮೇಲೆ ಉಳಿಯಬೇಕು ಅನ್ನಿಸುವ ಒಂದು ಕೆಲಸ ಹುಡುಕಿಕೋ, ನಾಟಕದ ಪರದೆ ಎಳೆಯುವುದಾದರೂ ಸರಿ. ಮುಂದಿನ ಮೇ ತಿಂಗಳಲ್ಲೂ ಭಾನುವಾರ ಸಂಜೆಯಾದರೆ ಹೊಟ್ಟೆ ನೋಯುತ್ತದೆ ಅಂದರೆ ಬಿಟ್ಟುಬಿಡು. ಪಬ್ಲಿಕ್ ಸ್ಕೂಲಿಗೆ ಹೋದರೆ ಸೋತ ಹಾಗೇನೂ ಅಲ್ಲ.

ಪ್ರಶ್ನೆ: ನಾವು ಮಂಗಳೂರು ಕಡೆಯ ಕ್ಯಾಥೊಲಿಕರು. ನ್ಯೂಯಾರ್ಕಿನ ರೀಜಿಸ್ ಹೈಸ್ಕೂಲಿನಲ್ಲಿ ಫೀಸೇ ಇಲ್ಲ ಅಂತ ಚರ್ಚಿನಲ್ಲಿ ಒಬ್ಬರು ಹೇಳಿದರು. ಸತ್ಯವಾ ಮಾರಾಯ್ರೆ?
— ನ್ಯೂ ಜೆರ್ಸಿ

ಉತ್ತರ: ಸತ್ಯ. 1914ರಿಂದಲೂ ಹಾಗೇ. ನ್ಯೂಯಾರ್ಕಿನ ಮೇಯರ್ ಆಗಿದ್ದವರೊಬ್ಬರ ವಿಧವೆ ಜೂಲಿಯಾ ಗ್ರಾಂಟ್ ತನ್ನ ಹೆಸರು ಹೊರಗೆ ಬರಬಾರದು ಅಂತ ಹೇಳಿ ಹಣ ಕೊಟ್ಟರು. ಜೆಸ್ಯೂಟರು ಮ್ಯಾನ್‌ಹಟನ್ನಿನ ಪೂರ್ವ 84ನೇ ಬೀದಿಯಲ್ಲಿ ಶಾಲೆ ತೆರೆದರು. ಈಗ ಹಳೇ ವಿದ್ಯಾರ್ಥಿಗಳ ದೇಣಿಗೆಯೂ ಸೇರಿ ನಡೆಯುತ್ತದೆ. ಕೊರೊನಾ ಕಾಲದಲ್ಲಿ ದಿನಾ ಟಿವಿಯಲ್ಲಿ ಕಂಡರಲ್ಲ, ಡಾಕ್ಟರ್ ಆಂಥನಿ ಫೌಚಿ, ಅವರು ಅಲ್ಲಿಂದ 1958ರಲ್ಲಿ ಹೊರಬಿದ್ದವರು. ಜ್ಞಾನಸ್ನಾನ ಆದ ಕ್ಯಾಥೊಲಿಕ್ ಹುಡುಗರಿಗೆ ಮಾತ್ರ ಪ್ರವೇಶ, ಹಾಗಾಗಿ ಈ ಒಂದು ಕಡೆ ನಮ್ಮಂಥವರ ಪೈಪೋಟಿ ನಿಮಗಿಲ್ಲ. ಪರೀಕ್ಷೆ ಗಟ್ಟಿ, ಸಂದರ್ಶನವೂ ಇದೆ. ನ್ಯೂ ಜೆರ್ಸಿಯಿಂದ ರೈಲು, ಆಮೇಲೆ ಸಬ್‌ವೇ ಅಂದರೆ ಕತ್ತಲಲ್ಲೇ ಮನೆ ಬಿಡಬೇಕಾದೀತು. ಅದೇ ಫೀಸು ಅಂತ ತಿಳಿದುಕೊಳ್ಳಿ.

ಪ್ರಶ್ನೆ: ವರ್ಷಕ್ಕೆ 25 ಸಾವಿರ ಡಾಲರಿಗೂ ಜಾಸ್ತಿ ಫೀಸು. ಸರ್ಕಾರಿ ಶಾಲೆ ಮನೆ ಪಕ್ಕದಲ್ಲೇ ಇದೆ, ಚೆನ್ನಾಗೂ ಇದೆ. ಇಷ್ಟು ಕೊಟ್ಟರೆ ಸ್ಟ್ಯಾನ್‌ಫರ್ಡ್ ಚಾನ್ಸು ಜಾಸ್ತಿ ಆಗುತ್ತದಾ? ಓಡಾಟ ಹೇಗೆ?
— ಮೌಂಟನ್ ವ್ಯೂ

ಉತ್ತರ: ಲೆಕ್ಕ ಅದೊಂದೇ ಆದರೆ ಹಾಕಬೇಡಿ.

1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಜೆಸ್ಯೂಟರ ಮುಖ್ಯಸ್ಥರಾಗಿದ್ದ ಪೆದ್ರೊ ಅರುಪೆ ತಮ್ಮ ಶಾಲೆಗಳ ಹಳೇ ವಿದ್ಯಾರ್ಥಿಗಳ ಮುಂದೆ ನಿಂತು, ನ್ಯಾಯದ ಪಾಠವನ್ನು ನಿಮಗೆ ನಾವು ಸರಿಯಾಗಿ ಕಲಿಸಲಿಲ್ಲ, ಇತರರಿಗಾಗಿ ಬಾಳುವವರನ್ನು ತಯಾರು ಮಾಡುವುದು ನಮ್ಮ ಕೆಲಸ ಅಂದರು. "ಮೆನ್ ಫಾರ್ ಅದರ್ಸ್" ಅಂತ ಗೋಡೆ ಮೇಲೆ ಕಾಣುತ್ತದಲ್ಲ, ಅದು ಅಲ್ಲಿಂದ ಬಂದದ್ದು. ಗೋಡೆ ಮೇಲಿರುವುದೆಲ್ಲ ಮನಸ್ಸಿಗಿಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಮಗನನ್ನು ಎಷ್ಟೋ ಶನಿವಾರ ಮನೆಯಿಲ್ಲದವರಿಗೆ ಊಟ ಹಾಕುವ ಕಡೆ ಕಳಿಸಿದರು. ಮನೆಯಲ್ಲಿ ತಿಂದ ತಟ್ಟೆ ತೊಳೆಯದವನು ಅಲ್ಲಿ ಮದುವೆಮನೆ ಸೈಜಿನ ಪಾತ್ರೆ ಉಜ್ಜಿ ಬರುತ್ತಿದ್ದ. ಕಾಲೇಜು ಪ್ರವೇಶದ ಎಸ್.ಎ.ಟಿ. ಪರೀಕ್ಷೆಯ ಕ್ಲಾಸು ತಪ್ಪುತ್ತದೆ ಅಂತ ಮೊದಮೊದಲು ತಕರಾರು ಮಾಡಿದವಳು ನಾನೇ.

ಫೀಸು ಕಷ್ಟ ಆದರೆ ಫೈನಾನ್ಷಿಯಲ್ ಏಡ್‌ಗೆ ಅರ್ಜಿ ಹಾಕಿ. ನಮ್ಮ ಯಜಮಾನರ ಕೆಲಸ ಹೋದ ವರ್ಷ ನಾವೂ ಹಾಕಿದ್ದೆವು. ನಾಚಿಕೆ ಆಗಿದ್ದು ನಮಗೆ ಮಾತ್ರ, ಆಫೀಸಿನಲ್ಲಿದ್ದವರು ಟ್ಯಾಕ್ಸ್ ಕಾಗದ ತಿರುವುತ್ತಾ ಕಾಫಿ ಬೇಕಾ ಅಂತ ಕೇಳಿದರು. ಓಡಾಟಕ್ಕೆ, ಬೆಲರ್ಮಿನ್ ಆದರೆ ಕ್ಯಾಲ್‌ಟ್ರೇನ್ ಇದೆ. ಶಾಲೆ ಪಕ್ಕದಲ್ಲೇ ಕಾಲೇಜ್ ಪಾರ್ಕ್ ಅನ್ನೋ ಪುಟ್ಟ ನಿಲ್ದಾಣ, ದಿನಕ್ಕೆ ಬೆರಳೆಣಿಕೆ ರೈಲು ಮಾತ್ರ ನಿಲ್ಲುತ್ತವೆ, ಅದೂ ಹೆಚ್ಚಾಗಿ ಈ ಹುಡುಗರ ಸಲುವಾಗಿ.

ಪ್ರಶ್ನೆ: ಮೊಮ್ಮಗ ಕಾಂಕರ್ಡಿನ ಡಿ ಲಾ ಸಾಲ್ ಶಾಲೆಯಲ್ಲಿದ್ದಾನೆ. ಶನಿವಾರ ಬೆಳಿಗ್ಗೆ ವಿಡಿಯೊ ಕಾಲ್ ಮಾಡಿದರೆ ಅಲ್ಲಿ ಶುಕ್ರವಾರ ರಾತ್ರಿ, ಮ್ಯಾಚು ತಾತ ಅಂತ ಇಟ್ಟುಬಿಡುತ್ತಾನೆ. ಹೈಸ್ಕೂಲ್ ಮ್ಯಾಚಿಗೆ ಅಷ್ಟೊಂದು ಏನಮ್ಮಾ?
— ಒಬ್ಬ ತಾತ, ಬೆಂಗಳೂರು

ಉತ್ತರ: ಆ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡ 1992ರಿಂದ 2004ರವರೆಗೆ ಒಂದೂ ಸೋಲದೆ ಸಾಲಾಗಿ 151 ಪಂದ್ಯ ಗೆದ್ದಿತ್ತು ತಾತ. ನಿಮ್ಮೂರಿನ ಜೋಸೆಫ್ಸ್, ಬಿಷಪ್ ಕಾಟನ್ ಹುಡುಗರ ಜಿದ್ದು ನೆನಪಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಕಾಲ್ ಮಾಡಿ.

ಪ್ರಶ್ನೆ: ಮಗ ಕೊನೇ ವರ್ಷ. ಶಾಲೆಯಿಂದ ಮೇಲ್ ಬಂದಿದೆ. ಹುಡುಗರನ್ನು ಕೈರೋಸ್ ಅನ್ನೋ ಶಿಬಿರಕ್ಕೆ ಕರೆದುಕೊಂಡು ಹೋಗುತ್ತಾರಂತೆ, ಅಪ್ಪ ಅಮ್ಮ ಅವನಿಗೆ ಗೊತ್ತಾಗದ ಹಾಗೆ ಒಂದೊಂದು ಪತ್ರ ಬರೆದು ಕಳಿಸಬೇಕಂತೆ. ನನ್ನ ಹೆಂಡತಿ ಬರೆದು ಮುಗಿಸಿದ್ದಾಳೆ. ನಾನು ಚಿತ್ರದುರ್ಗದ ಕಡೆಯವನು, ಕನ್ನಡ ಮೀಡಿಯಂ. ನಮ್ಮಪ್ಪ ನನಗೆ ಬರೆದದ್ದೆಲ್ಲ ಮನಿಯಾರ್ಡರ್ ಫಾರ್ಮಿನ ಕೆಳಗಿನ ಚೂರು ಜಾಗದಲ್ಲಿ, "ಹಣ ಮುಟ್ಟಿದ್ದಕ್ಕೆ ಕಾಗದ ಹಾಕು" ಅಂತ. ಇಂಗ್ಲಿಷಿನಲ್ಲಿ ಬರೆದರೆ ಆಫೀಸಿನ ಅಪ್ರೈಸಲ್ ಥರ ಆಗುತ್ತಿದೆ. ಮಗನಿಗೆ ಕನ್ನಡ ಮಾತಾಡೋಕೆ ಬರುತ್ತದೆ, ಓದೋಕೆ ಬರೋದಿಲ್ಲ. ಏನು ಮಾಡಲಿ?
— ಒಬ್ಬ ಅಪ್ಪ, ಸನಿವೇಲ್

ಉತ್ತರ: ಈ ಪತ್ರದ ವಿಷಯ ಹುಡುಗರಿಗೆ ಗೊತ್ತಾಗಬಾರದು ಅಂತಾರೆ. ಇಲ್ಲಿ ಬರೆದರೆ ಪರವಾಗಿಲ್ಲ. ಅವರಿಗೆ ಇದನ್ನು ಓದೋಕೆ ಬರೋದಿಲ್ಲ, ನಿಮ್ಮ ಪ್ರಶ್ನೆಯೇ ಅದು ತಾನೆ.

ಕೈರೋಸ್ ಗ್ರೀಕ್ ಪದ. ಗಡಿಯಾರದ ಕಾಲ ಅಲ್ಲ, ಕಾಲ ಕೂಡಿ ಬಂತು ಅಂತೀವಲ್ಲ, ಆ ಕಾಲ. ಇಲ್ಲಿನ ಎಷ್ಟೋ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಇದೆ. ಮೂರ್ನಾಲ್ಕು ದಿನ ಊರಾಚೆ ಎಲ್ಲೋ ಇರುತ್ತಾರೆ. ನಮ್ಮ ಮಗನ ಶಾಲೆಯಲ್ಲಿ ಫೋನು, ವಾಚು ಎರಡನ್ನೂ ಇಸಿದುಕೊಂಡಿದ್ದರು.

ನಮ್ಮ ಯಜಮಾನರ ಮೊದಲ ಕರಡು ಬುಲೆಟ್ ಪಾಯಿಂಟಿನಲ್ಲಿತ್ತು. ಸುಳ್ಳಲ್ಲ. ಎರಡನೆಯದರಲ್ಲಿ "ವಿ ಆರ್ ಪ್ರೌಡ್ ಆಫ್ ಯೂ" ಮೂರು ಸಲ ಬಂದಿತ್ತು, ಓದಿ ನೋಡಿ ಅವರೇ "ಇದು ಯಾರ ಅಪ್ಪ ಬರೆದದ್ದು?" ಅಂದರು. ಕೊನೆಗೆ ಒಂದು ರಾತ್ರಿ ಊಟದ ಮೇಜಿಗೆ ಕೂತು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರು, ವಾಟ್ಸಾಪಿನಲ್ಲಿ ತಂಗಿಗೆ ಬರೆಯುತ್ತಾರಲ್ಲ ಹಾಗೆ, ಆದರೆ ಪೆನ್ನಿನಲ್ಲಿ. ಒಂದೂವರೆ ಪುಟ. ನನಗೆ ತೋರಿಸಲಿಲ್ಲ. ಲಕೋಟೆ ಅಂಟಿಸಿಕೊಂಡು ಅವರೇ ಹೋಗಿ ಶಾಲೆಯಲ್ಲಿ ಕೊಟ್ಟು ಬಂದರು.

ನೀವೂ ಹಾಗೇ ಬರೆಯಿರಿ. ಮಾರ್ಕು, ಕಾಲೇಜು ಬೇಡ. ಬುದ್ಧಿಮಾತು ಅಂತೂ ಬೇಡವೇ ಬೇಡ. ನೀವು ನೋಡಿದ್ದು ಅವನಿಗೆ ಗೊತ್ತಿಲ್ಲದ ಒಂದು ದಿನ ಇರುತ್ತದೆ, ಅದನ್ನು ಬರೆಯಿರಿ. ನಮ್ಮವರ ಪತ್ರದಲ್ಲಿ ಅಂಥದ್ದೇ ಇತ್ತಂತೆ. ನೈಂತ್ ಗ್ರೇಡಿನ ಮೊದಲ ದಿನ ಮಗನನ್ನು ಗೇಟಿನಲ್ಲಿ ಇಳಿಸಿದವರು ಹೊರಟುಹೋಗಿರಲಿಲ್ಲ. ಎದುರು ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು, ಇವನು ಯಾರ ಜೊತೆಗಾದರೂ ಮಾತಾಡುತ್ತಾನಾ ಅಂತ ಬೆಲ್ ಹೊಡೆಯುವವರೆಗೂ ಕೂತಿದ್ದರು. ಅಷ್ಟು ಮಾತ್ರ ಮಗ ನನಗೆ ಹೇಳಿದ್ದು, ಉಳಿದದ್ದು ಅವರಿಬ್ಬರಿಗೇ ಗೊತ್ತು.

ಇನ್ನೊಂದು ವಿಷಯ. ಆ ಥರ ಬರೆದ ಕನ್ನಡ ಅವನಿಗೆ ಕಣ್ಣಲ್ಲಿ ಓದಿದರೆ ಅರ್ಥ ಆಗುವುದಿಲ್ಲ, ಬಾಯಿಬಿಟ್ಟು ಓದಿಕೊಂಡರೆ ಕಿವಿಗೆ ಗೊತ್ತಾಗುತ್ತದೆ. ಉಳಿದ ಹುಡುಗರೆಲ್ಲ ಮೂಲೆಮೂಲೆಯಲ್ಲಿ ಸದ್ದಿಲ್ಲದೆ ಪತ್ರ ಓದುತ್ತಿದ್ದಾಗ ಇವನೊಬ್ಬ ಗೋಡೆ ಕಡೆ ಮುಖ ಮಾಡಿ ಕೂತು ಪಿಸುಪಿಸು ಅಂತ ಒಂದೊಂದೇ ಪದ ಕೂಡಿಸಿಕೊಳ್ಳುತ್ತಿದ್ದನಂತೆ. ಒಬ್ಬ ಹುಡುಗ ಹತ್ತಿರ ಬಂದವನು ಅಲ್ಲೇ ನಿಂತು, ಪ್ರೇಯರ್ ಮಾಡ್ತಿದ್ದೀಯಾ, ಆಮೇಲೆ ಬರಲಾ ಅಂತ ಕೇಳಿದನಂತೆ. ಇವನು ಹೂಂ ಅಂದು ಮತ್ತೆ ಮೊದಲ ಸಾಲಿಂದ ಶುರುಮಾಡಿದನಂತೆ.