ಮಳೆಯಲ್ಲ ಸ್ವಾಮಿ, ಎತ್ತು!

(ಮಂಡ್ಯ ಕಡೆಯ ಓದುಗರೊಬ್ಬರ ಪತ್ರದ ಸಾರ: 1799ರಲ್ಲಿ ಮುಂಗಾರು ಒಂದು ತಿಂಗಳು ಮೊದಲೇ ಹಿಡಿದಿದ್ದರೆ ಕಾವೇರಿ ತುಂಬಿ ಶ್ರೀರಂಗಪಟ್ಟಣ ಉಳಿಯುತ್ತಿತ್ತು. ನೆಪೋಲಿಯನ್ನನನ್ನು ಸೋಲಿಸಿದ್ದೂ ರಷ್ಯಾದ ಹಿಮವೇ. ಯುದ್ಧ ಗೆಲ್ಲಿಸುವುದು ಹವಾಮಾನ ಅಲ್ವಾ? ಕೊನೆಯಲ್ಲಿ ಒಂದು ಸಾಲು: ತಮ್ಮ ಅಜ್ಜ ಹಳ್ಳಿಕಾರ್ ಎತ್ತು ಸಾಕಿದ್ದರಂತೆ.)

ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಶ್ರೀರಂಗಪಟ್ಟಣ ದ್ವೀಪ. ಕೊಡಗಿನಲ್ಲಿ ಮಳೆ ಜೋರು ಹಿಡಿದರೆ ಆ ಕಾಲದಲ್ಲಿ ಹೊಳೆ ದಾಟುವುದು ಆಗದ ಮಾತು. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸಿಪಾಯಿಗಳು ಬಂಡೆಗಳ ನಡುವೆ ನಡೆದೇ ಹೊಳೆ ದಾಟಿದರು. ಇದೆಲ್ಲ ಸರಿ. ಆದರೆ ಮಳೆ ತಡವಾಗಿರಲಿಲ್ಲ, ಅವರು ಬೇಗ ಬಂದಿದ್ದರು. ಯಾಕೆಂದರೆ ಎಂಟು ವರ್ಷ ಹಿಂದೆ ಇದೇ ಜಾಗದಲ್ಲಿ ಪೆಟ್ಟು ತಿಂದಿದ್ದರು.

1791ರ ಮಾರ್ಚಿನಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ. ಟಿಪ್ಪು ನೇರ ದಾರಿಯ ಉದ್ದಕ್ಕೂ ಮೇವು ಕಾಳು ಏನೂ ಸಿಗದ ಹಾಗೆ ಮಾಡಿಟ್ಟಿದ್ದ. ಅದಕ್ಕೇ ಕಾರ್ನ್‌ವಾಲಿಸ್ ಕನಕಪುರದ ಕಡೆಯಿಂದ ಸುತ್ತಿಕೊಂಡು ಬಂದ. ಮೇ 14ರ ರಾತ್ರಿ ಅರಕೆರೆ ಹತ್ತಿರ ಕತ್ತಲಲ್ಲಿ ಟಿಪ್ಪುವಿನ ದಂಡಿನ ಮೇಲೆ ಬೀಳಬೇಕೆಂದು ಹೊರಟರೆ ಗುಡುಗು ಸಿಡಿಲಿನ ಮಳೆ! ಲೆಕ್ಕವೆಲ್ಲ ತಲೆಕೆಳಗಾಯಿತು. ಇಲ್ಲೇ ನೋಡಿ ವಿಷಯ. ಮಳೆ ಅಷ್ಟು ಕೆಡಿಸಿದರೂ ಮಾರನೇ ದಿನದ ಕಾಳಗದಲ್ಲಿ ಗೆದ್ದವನು ಅವನೇ.

ಗೆದ್ದವನು ವಾಪಸು ಹೋದದ್ದು ಯಾಕೆ? ಎತ್ತು ಸತ್ತಿದ್ದವು. ಮೇವಿಲ್ಲ, ರೋಗ ಬೇರೆ. ದೊಡ್ಡ ದೊಡ್ಡ ಫಿರಂಗಿಗಳನ್ನು ಸಿಪಾಯಿಗಳೇ ಕೈಯಿಂದ ಎಳೆದುಕೊಂಡು ಕನ್ನಂಬಾಡಿ ತನಕ ಹೋದರು. ಅಲ್ಲಿ ಫಿರಂಗಿಗಳನ್ನು ತಾವೇ ಒಡೆದು ಹಾಕಿ ಹಿಂದಕ್ಕೆ ಹೊರಟರು. ಕೆಲವೇ ದಿನಕ್ಕೆ ದಾರಿಯಲ್ಲಿ ಅವರ ಮಿತ್ರರಾದ ಮರಾಠರ ದಂಡು ಎದುರಾಯಿತು, ಜೊತೆಗೆ ಬೇಕಾದಷ್ಟು ದವಸ! ಅವರು ಇಷ್ಟು ಹತ್ತಿರ ಇದ್ದಾರೆಂಬ ಸುದ್ದಿಯೇ ಕಾರ್ನ್‌ವಾಲಿಸನಿಗೆ ತಲುಪದ ಹಾಗೆ ಟಿಪ್ಪುವಿನ ಸವಾರರು ನೋಡಿಕೊಂಡಿದ್ದರು. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಜಾಗ ಇದು.

ಆಮೇಲೆ ಕಾರ್ನ್‌ವಾಲಿಸ್ ಸುಮ್ನೆ ಕೂರಲಿಲ್ಲ. ಎತ್ತು ಕೂಡಿಸಿದ. ಲಂಬಾಣಿಗಳ ಕೈಲಿ ದವಸ ತರಿಸಿದ. ನಂದಿದುರ್ಗ, ಸಾವನದುರ್ಗ ಹಿಡಿದ. 1792ರ ಫೆಬ್ರವರಿಯಲ್ಲಿ, ಹೊಳೆ ಇಳಿದಿದ್ದಾಗ, ಮತ್ತೆ ಬಂದ. 1799ರಲ್ಲಿ ಇಂಗ್ಲಿಷರ ದಂಡನಾಯಕ ಹ್ಯಾರಿಸ್ ಹಿಡಿದದ್ದೂ ಇದೇ ಪಂಚಾಂಗ. ಫೆಬ್ರವರಿಯಲ್ಲಿ ಹೊರಟು ಏಪ್ರಿಲ್ ಮೊದಲ ವಾರಕ್ಕೆ ಕೋಟೆ ಎದುರಿಗಿದ್ದ. ಅವನಿಗೂ ಅಕ್ಕಿ ಮುಗಿಯುತ್ತ ಬಂದಿತ್ತು.

ಇನ್ನು ನೆಪೋಲಿಯನ್. ಅವನು ರಷ್ಯಾದ ಗಡಿಯ ನೀಮನ್ ಹೊಳೆ ದಾಟಿದ್ದು 1812ರ ಜೂನ್ 24ಕ್ಕೆ. ಕೆಲವೇ ದಿನದಲ್ಲಿ ಮಳೆಗೆ, ಹಸಿ ಮೇವಿಗೆ ಸಾವಿರಾರು ಕುದುರೆ ಸತ್ತವು. ಅದು ಬೇಸಿಗೆ ಸ್ವಾಮಿ! ಹಿಮ ಬಿದ್ದದ್ದು ನವೆಂಬರಿನಲ್ಲಿ. ವಾಪಸು ಬರುವಾಗ ಬೆರೆಜಿನಾ ಹೊಳೆಯ ಹತ್ತಿರ ಚಳಿ ಕಮ್ಮಿಯಾಗಿ ಮಂಜುಗಡ್ಡೆ ಕರಗಿದ್ದೇ ಕಷ್ಟಕ್ಕೆ ಬಂತು. ಗಟ್ಟಿಯಾಗಿದ್ದಿದ್ದರೆ ನಡೆದೇ ದಾಟುತ್ತಿದ್ದರು. ಆದರೂ ಅವನು ಹೊರಡಿಸಿದ ಪ್ರಕಟಣೆಯಲ್ಲಿ ತಪ್ಪೆಲ್ಲ ಚಳಿಯ ತಲೆಗೆ. ನೀವೂ ಅದನ್ನೇ ನಂಬಿದಿರಿ.

ತಪ್ಪು ನಿಮ್ಮದಲ್ಲ ಬಿಡಿ. ನಮ್ಮ ಪಾಠಪುಸ್ತಕಗಳಲ್ಲಿ ಕತ್ತಿಯಿದೆ, ದ್ರೋಹಿಯಿದ್ದಾನೆ, ಎತ್ತೇ ಇಲ್ಲ. 'ಸೋಲಿಗೆ ಕಾರಣಗಳನ್ನು ಪಟ್ಟಿ ಮಾಡಿ' ಎಂಬ ಪ್ರಶ್ನೆಗೆ ಹುಡುಗನೊಬ್ಬ 'ಮೇವು' ಎಂದು ಬರೆದರೆ ಅಂಕ ಕೊಡುತ್ತಾರಾ? ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ದನಗಳು ಇಡೀ ದಂಡನ್ನು ಎಳೆದವು. ಇವತ್ತು ಅವು ಮೇಯುವ ಕಾವಲುಗಳು ಒಂದೊಂದಾಗಿ ಕೈಬಿಟ್ಟು ಹೋಗುತ್ತಿವೆ, ಕೇಳುವವರಿಲ್ಲ. ಹೊಳೆಯೂ ಹಾಗೇ. ಶ್ರೀರಂಗಪಟ್ಟಣದಲ್ಲಿ ನೀರು ಯಾವಾಗ ಏರುತ್ತದೆ ಎಂದು ಕೇಳಿದರೆ ಈಗ ಜನ ಮಳೆ ನಕ್ಷತ್ರ ಹೇಳುವುದಿಲ್ಲ, 'ಕಟ್ಟೆ ಗೇಟು ತೆಗೆದಾಗ' ಅನ್ನುತ್ತಾರೆ. ಕಾರ್ನ್‌ವಾಲಿಸ್ ಫಿರಂಗಿ ಒಡೆದ ಕನ್ನಂಬಾಡಿಯಲ್ಲೇ ಆ ಕಟ್ಟೆ ಇರುವುದು. ಬೃಂದಾವನ ನೋಡಲು ಹೋಗುವ ಎಷ್ಟು ಜನಕ್ಕೆ ಗೊತ್ತು?

ನಿಮ್ಮ ಮೇಲೆ ನನಗೆ ಸಿಟ್ಟಿರುವುದು ಒಂದೇ ಕಾರಣಕ್ಕೆ. ಪತ್ರದ ತುಂಬ ಮಳೆ ಸುರಿಸಿ, ಅಜ್ಜನ ಎತ್ತುಗಳಿಗೆ ಒಂದೇ ಸಾಲು ಕೊಟ್ಟಿದ್ದೀರಿ. ಜೋಡಿ ದಿನಕ್ಕೆ ಎಷ್ಟು ಮೇವು ತಿನ್ನುತ್ತಿತ್ತು, ಕೆಸರಲ್ಲಿ ಎಷ್ಟು ಭಾರ ಎಳೆಯುತ್ತಿತ್ತು, ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆಯಿರಿ. ಎರಡು ಪುಟ ಆದರೂ ಪರವಾಗಿಲ್ಲ, ಹಾಕುತ್ತೇನೆ.

– ಸಂ.